ಒಬ್ಬರು, ಇನ್ನೊಬ್ಬರು

ನಾನು ಅರ್ಜಿ ಬರೆಯುವವಳು. ಸಿಮಲ್‌ಡಾಂಡಾದ ನಾಲ್ಕನೇ ವಾರ್ಡ್ ಕಚೇರಿ ಗೇಟಿನ ಎದುರು ನೀಲಿ ತಾಡಪಾಲು ಕಟ್ಟಿಕೊಂಡು, ಒಂದು ಮೇಜು, ಒಂದು ಕುರ್ಚಿ, ಬಂದವರಿಗೊಂದು ಬೆಂಚು ಹಾಕಿಕೊಂಡು ಕೂತು ಇಪ್ಪತ್ತೇಳು ವರ್ಷ ಆಯಿತು. ಹುಟ್ಟಿದ್ದು, ಸತ್ತಿದ್ದು, ಮದುವೆಯಾಗಿದ್ದು, ಊರು ಬಿಟ್ಟಿದ್ದು, ಯಾವುದೇ ಆಗಲಿ, ನೀವು ಒಂದು ಲೋಟ ಟೀ ಕುಡಿದು ಮುಗಿಸುವಷ್ಟರಲ್ಲಿ ಅರ್ಜಿ ಬರೆದು ಕೈಗಿಡುತ್ತೇನೆ. ಈಗಿನವರು ಮೊಬೈಲಿನಲ್ಲೇ ಎಲ್ಲ ತುಂಬುತ್ತಾರಂತೆ. ತುಂಬಲಿ, ತಪ್ಪುತಪ್ಪು ತುಂಬಿಕೊಂಡು ಕೊನೆಗೆ ಬರುವುದು ನನ್ನ ಹತ್ತಿರವೇ. ದುರ್ಪತಾ ದಿದಿ ಬರೆದ ಕಾಗದ ವಾಪಸ್ ಬಂದಿದ್ದುಂಟಾ ಅಂತ ಈ ಬೆಟ್ಟದಲ್ಲಿ ಯಾರನ್ನು ಬೇಕಾದರೂ ಕೇಳಿ. ಬಂದಿದ್ದು ಒಂದೇ ಸಲ. ಆ ಸಂಗತಿಯನ್ನೇ ಹೇಳುತ್ತೇನೆ. ಆದರೆ ಅದರ ತಲೆಬುಡ ನನಗೇ ಇವತ್ತಿಗೂ ಪೂರ್ತಿ ಹತ್ತಿಲ್ಲ, ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ನನ್ನನ್ನು ಬೈಯಬೇಡಿ.

ಮಂಗ್ಸಿರ ತಿಂಗಳು, ಮದುವೆಗಳ ತಿಂಗಳು. ಸೋಮವಾರ ಬೆಳಿಗ್ಗೆ ಮಂಜು ಇನ್ನೂ ಎದ್ದಿರಲಿಲ್ಲ. ಬೆಂಚಿನ ಮೇಲೆ ಇಬ್ಬರು ಹೆಂಗಸರು ಬಂದು ಕೂತರು. ಇಬ್ಬರೂ ಗುರುತಿನವರೇ. ಅಪ್ಸರಾ ಬಸ್ನೇತ್ ಬಜಾರಿನಲ್ಲಿ ಸ್ವೆಟರ್ ಹೆಣೆಯುವ ಯಂತ್ರ ಇಟ್ಟುಕೊಂಡವಳು, ನನ್ನ ಮೈಮೇಲಿದ್ದ ಸ್ವೆಟರ್ ಅವಳ ಕೈಯಿಂದಲೇ ಬಂದಿದ್ದು. ಸಂಝನಾ ಚೊಂಗ್‌ಬಾಂಗ್ ಲಿಂಬು ಜನಾಂಗದ ಹೆಂಗಸು, ದಿನಾ ಕೆಳಗಿನ ಪೇಟೆಗೆ ಜೀಪ್ ಓಡಿಸುವವಳು. ಇಬ್ಬರಿಗೂ ನಲವತ್ತರ ಆಸುಪಾಸು. ಹನ್ನೊಂದು ವರ್ಷದಿಂದ ಸ್ವೆಟರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಟ್ಟಿಗಿದ್ದಾರೆ. ಊರಿಗೆಲ್ಲ ಗೊತ್ತು, ಗೊತ್ತಿಲ್ಲದ ಹಾಗೆ ಊರು ಸುಮ್ಮನಿತ್ತು. ನಾನೂ ಸುಮ್ಮನಿದ್ದೆ.

"ದಿದಿ, ಮದುವೆ ನೋಂದಣಿ ಅರ್ಜಿ ಬರ್ಕೊಡಿ," ಅಂದಳು ಅಪ್ಸರಾ.

"ಯಾರ್ದು ಬೈನಿ?" ತಂಗಿಯನ್ನು ಕೇಳುವ ಹಾಗೆ ಕೇಳಿ ಪೆನ್ನಿನ ಮುಚ್ಚಳ ತೆಗೆದೆ.

"ನಮ್ದು."

ಮುಚ್ಚಳ ಕೈಯಿಂದ ಜಾರಿ ಮೇಜಿನ ಕೆಳಗೆ ಹೋಯಿತು. ಬಗ್ಗಿ ಹುಡುಕಿದೆ. ನಿಜ ಹೇಳಬೇಕೆಂದರೆ ಸಿಕ್ಕಿದ ಮೇಲೂ ಸ್ವಲ್ಪ ಹೊತ್ತು ಹುಡುಕಿದೆ. ಮುಖಕ್ಕೆ ಏನು ಹಾಕಿಕೊಂಡು ಮೇಲೇಳಬೇಕು ಅಂತ ತೋಚಲಿಲ್ಲ.

"ಅಂಥದ್ದು ಆಗ್ತದಾ?" ಅಂದೆ.

"ಆಗ್ತದೆ ದಿದಿ. ಸರ್ವೋಚ್ಚ ಅದಾಲತ್ತು ಆದೇಶ ಕೊಟ್ಟು ಒಂದೂವರೆ ವರ್ಷ ಆಯ್ತು. ಎಲ್ಲ ವಾರ್ಡಿಗೂ ಕಾಠ್ಮಾಂಡುವಿಂದ ಸುತ್ತೋಲೇನೂ ಬಂದಿದೆ. ನೋಡಿ," ಅಂತ ಸಂಝನಾ ಮೊಬೈಲ್ ಮುಂದೆ ಹಿಡಿದಳು. ಕನ್ನಡಕ ಹಾಕಿಕೊಂಡು ಓದಿದೆ. ಹೌದು, ಇತ್ತು. ಗೇಟಿನ ಎದುರೇ ಕೂತವಳು ನಾನು, ಒಳಗೆ ಇಂಥದ್ದೊಂದು ಕಾಗದ ಬಂದಿದ್ದು ನನಗೇ ಗೊತ್ತಿಲ್ಲ! ನನಗೆ ಮೊದಲು ಬಂದಿದ್ದು ಸಿಟ್ಟು.

"ಹನ್ನೊಂದು ವರ್ಷ ಸುಮ್ನಿದ್ದೋರಿಗೆ ಈಗೇನು ಅವಸರ?"

ಅಪ್ಸರಾ ತಲೆ ತಗ್ಗಿಸಿದಳು. ಸಂಝನಾನೇ ಹೇಳಿದಳು. "ಗುರುವಾರ ಇವಳ ಆಪರೇಷನ್ನು. ಗರ್ಭಕೋಶದಲ್ಲಿ ಗಡ್ಡೆ. ಹೋದ ವರ್ಷ ರಕ್ತ ನಿಲ್ಲದೆ ಕರ್ಕೊಂಡು ಹೋದಾಗ ಆಸ್ಪತ್ರೆಯೋರು ನನ್ನ ಸೈನ್ ತಗೊಳ್ಲಿಲ್ಲ ದಿದಿ. ನೀನ್ಯಾರು, ಮನೆಯೋರನ್ನ ಕರ್ಸು ಅಂದ್ರು. ಇವಳಣ್ಣ ಝಾಪಾದಿಂದ ಬರೋಕೆ ಆರು ಗಂಟೆ. ಆರು ಗಂಟೆ ಇವಳು ಮಂಚದ ಮೇಲೆ ಬೆಳ್ಳಗಾಗ್ತಾ ಇದ್ಲು. ನಾನು ಪಕ್ಕದಲ್ಲಿ ಪೆನ್ನು ಹಿಡ್ಕೊಂಡು ನಿಂತಿದ್ದೆ."

"ಈ ಸಲ ಅಣ್ಣ ಬರಲ್ವಾ?"

"ಬರ್ತಾನೆ," ಅಂದಳು ಅಪ್ಸರಾ. "ಸೈನ್ ಮಾಡ್ತಾನಂತೆ, ಆದ್ರೆ ಡಿಸ್ಚಾರ್ಜ್ ಆದ್ಮೇಲೆ ನಾನು ಅವನ ಜೊತೆ ಝಾಪಾಕ್ಕೆ ಹೋಗ್ಬೇಕಂತೆ. ಡ್ರೈವರ್ ಹೆಂಗಸು ಹೊಸ್ತಿಲು ತುಳೀಬಾರ್ದಂತೆ. ಅದಕ್ಕೊಪ್ಪಿದ್ರೆ ಸೈನ್, ಇಲ್ಲಾಂದ್ರೆ ಇಲ್ಲ. ನಂಗೆ ಆಪರೇಷನ್ನಿಗೆ ಭಯ ಇಲ್ಲ ದಿದಿ. ಎಚ್ಚರ ಆದಾಗ ಯಾರ ಮನೇಲಿರ್ತೀನೋ ಅಂತ ಭಯ."

ಇಷ್ಟೇ ವಿಷಯ. ಗುರುವಾರದೊಳಗೆ ಒಂದು ಕಾಗದ. ಸರಿ, ಕಾಗದ ತಾನೆ, ಬರೆದರಾಯಿತು ಅಂತ ಕೂತೆ. ಕೂತ ಮೇಲೆ ಗೊತ್ತಾಯಿತು ನನ್ನ ಇಪ್ಪತ್ತೇಳು ವರ್ಷದ ವಿದ್ಯೆ ಎಷ್ಟು ಅಂತ.

ಕೈ ತನ್ನ ಪಾಡಿಗೆ ಓಡುವ ಕೈ. 'ವರ ಶ್ರೀ ಸಂಝನಾ ಚೊಂಗ್‌ಬಾಂಗ್' ಅಂತ ಬರೆದುಬಿಟ್ಟಿತು.

ಅಪ್ಸರಾ ಇಣುಕಿ ನೋಡಿ ಕಿಸಕ್ಕನೆ ನಕ್ಕಳು. "ಇವಳ್ಯಾಕೆ ವರ ದಿದಿ? ಪ್ಯಾಂಟ್ ಹಾಕ್ತಾಳೆ ಅಂತಾನಾ? ಮನೇಲಿ ಅನ್ನ ಬೇಯ್ಸೋಳು ಇವಳೇ. ನಂಗೆ ಬೇಳೆ ತೊಳಿಯೋಕೂ ಬರಲ್ಲ."

"ಹಂಗಾದ್ರೆ ನೀನು ವರ," ಅಂದೆ.

"ಆಹಾ, ಇವಳಾ?" ಸಂಝನಾ ಅಂದಳು. "ಜಿರಳೆ ಕಂಡ್ರೆ ಮಂಚ ಹತ್ತೋ ವರ!"

ಹಾಳೆ ಹರಿದೆ. ಇನ್ನೊಂದು ತೆಗೆದೆ. ಈಗ ಮೂರು ತಲೆಮಾರಿನ ಲೆಕ್ಕ. ನಮ್ಮಲ್ಲಿ ಮದುವೆಯಾದ ಹೆಂಗಸಿನ ಹೆಸರು ಬರೀ ಹೆಸರಾಗಿ ಯಾವ ಕಾಗದದಲ್ಲೂ ನಿಲ್ಲುವುದಿಲ್ಲ. ಇಂಥವರ ಮೊಮ್ಮಗನ ಹೆಂಡತಿ, ಇಂಥವರ ಸೊಸೆ, ಇಂಥವರ ಶ್ರೀಮತಿ ಅಂತ ಮೂರು ಗಂಡಸರನ್ನು ಮುಂದೆ ನಿಲ್ಲಿಸಿದ ಮೇಲೇ ಅವಳು ಬರಬೇಕು. ಸಾವಿರ ಸಲ ಬರೆದಿದ್ದೇನೆ. ಇಲ್ಲಿ ಯಾರು ಯಾರ ಸೊಸೆ? ಅಪ್ಸರಾ ಚೊಂಗ್‌ಬಾಂಗ್ ಮನೆಯ ಸೊಸೆಯೋ, ಸಂಝನಾ ಬಸ್ನೇತ್ ಮನೆಯ ಸೊಸೆಯೋ? ಪೆನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂತೆ. ತಲೆ ಚಿಟ್ಟು ಹಿಡಿದು ಹೋಯಿತು.

"ಇಬ್ರೂ ಇಬ್ರ ಮನೆ ಸೊಸೇನೇ ಅಂತ ಬರೀರಿ," ಅಂದಳು ಸಂಝನಾ. "ಅದ್ರಲ್ಲೇನಿದೆ?"

"ಏನಿದೆಯಾ? ಬಸ್ನೇತ್ ಮನೆ ಸೊಸೆ ಆದ್ರೆ ಇವಳಣ್ಣ ಪದಮಧ್ವಜ ನಿಂಗೇನಾಗ್ತಾನೆ ಗೊತ್ತಾ? ಜೇಠಾಜು! ಗಂಡನ ಅಣ್ಣ! ನಮ್ಮ ಛೇತ್ರಿ, ಬಾಹುನ ಜಾತಿಯ ಮನೆಗಳಲ್ಲಿ ಜೇಠಾಜು ಮುಂದೆ ಸೊಸೆ ಸೆರಗು ಹೊದ್ದೇ ನಿಲ್ಬೇಕು. ದೂರದಿಂದ್ಲೇ ಬಗ್ಗಿ 'ಢೋಗ್' ಅಂತ ನಮಸ್ಕಾರ ಮಾಡ್ಬೇಕು. ಅವನೂ ಅವಳ ಮೈ ಮುಟ್ಟೋ ಹಾಗಿಲ್ಲ. ಬೆರಳು ತಾಕಿದ್ರೂ ಬಂಗಾರ ಅದ್ದಿದ ನೀರು ಚಿಮುಕಿಸ್ಕೊಂಡೇ ಒಳಗೆ ಬರ್ಬೇಕು. ನೇರವಾಗಿ ಮಾತೂ ಆಡಲ್ಲ, ಮಧ್ಯ ಯಾರ್ನಾದ್ರೂ ಇಟ್ಕೊಂಡೇ ಆಡೋದು."

"ನಮ್ಮ ಲಿಂಬು ಮನೇಲಿ ಇದ್ಯಾವ ರಗಳೆಯೂ ಇಲ್ಲಪ್ಪ," ಅಂತ ಸಂಝನಾ ನಕ್ಕಳು. ಆಮೇಲೆ ನಗು ನಿಂತಿತು. "ಹೋದ ವರ್ಷ ಆಸ್ಪತ್ರೇಲಿ ಆ ಮನುಷ್ಯ ನನ್ನ ಕಾಲರ್ ಹಿಡಿದು ಮೆಟ್ಟಿಲಿಂದ ಕೆಳಗೆ ನೂಕಿದ್ದ. ಮುಟ್ಟೋ ಹಾಗಿಲ್ಲ ಅಂದ್ರೆ ಒಳ್ಳೇದೇ ಆಯ್ತಲ್ಲ ದಿದಿ, ಬರೀರಿ ಬರೀರಿ."

ಬರೆದೆ. ಸಂಝನಾ, ಅಪ್ಸರಾಳ ಶ್ರೀಮತಿ. ಅಪ್ಸರಾ, ಸಂಝನಾಳ ಶ್ರೀಮತಿ. ಬರೆದು ಎರಡು ಸಲ ಓದಿದೆ. ಎಲ್ಲ ಅಕ್ಷರವೂ ನನ್ನವೇ, ಆದರೂ ಬೇರೆ ಯಾರೋ ಬರೆದ ಹಾಗೆ ಕಾಣುತ್ತಿತ್ತು.

ಒಳಗೆ ವಾರ್ಡ್ ಕಾರ್ಯದರ್ಶಿ ಟೀಕಾರಾಮ ಪೊಖರೆಲ್ ಮೇಜಿನ ಕೆಳಗೆ ಹೀಟರ್ ಇಟ್ಟುಕೊಂಡು, ಮಫ್ಲರ್ ಸುತ್ತಿಕೊಂಡು ಕೂತಿದ್ದರು. ಕೆಟ್ಟ ಮನುಷ್ಯರಲ್ಲ. ನಿವೃತ್ತಿಗೆ ಎರಡು ವರ್ಷ ಇದೆ, ಆ ಎರಡು ವರ್ಷ ಪೆನ್ನಿನ ಶಾಯಿ ಖರ್ಚಾಗದ ಹಾಗೆ ಕಳೆಯಬೇಕು ಅಂತ ಅವರ ಆಸೆ. ಅರ್ಜಿ ಓದಿದರು. ಕನ್ನಡಕ ಒರೆಸಿದರು. ಮತ್ತೆ ಓದಿದರು.

"ಆಗಲ್ಲ ಅಂತ ನಾನು ಹೇಳಲ್ಲ," ಅಂದರು.

"ಹಂಗಾದ್ರೆ ಮಾಡಿ ಸರ್."

"ಮಾಡ್ತೀನಿ ಅಂತಾನೂ ಹೇಳಲ್ಲ ದುರ್ಪತಾ. ಆದೇಶ ಇದೆ, ಸುತ್ತೋಲೆ ಇದೆ, ಎಲ್ಲ ಇದೆ. ಆದ್ರೆ ಈ ಕಂಪ್ಯೂಟರಿಗೆ ಗೊತ್ತಿಲ್ಲ. ನೋಡು ಬಾ." ಪರದೆ ನಮ್ಮ ಕಡೆ ತಿರುಗಿಸಿದರು. ವರ, ವಧು, ಎರಡು ಚೌಕ. ವರನ ಚೌಕದಲ್ಲಿ ಹೆಣ್ಣು ಅಂತ ಒತ್ತಿದರೆ ಕೆಂಪು ಗೆರೆ ಬಂದು ಎಲ್ಲ ಅಳಿಸಿ ಹೋಗುತ್ತಿತ್ತು. ಮೂರು ಸಲ ಒತ್ತಿ ತೋರಿಸಿದರು. ಮೂರು ಸಲವೂ ಅಳಿಸಿ ಹೋಯಿತು.

"ಸುತ್ತೋಲೇಲಿ ಕಂಪ್ಯೂಟರ್ ಅಂತ ಎಲ್ಲಿದೆ ಸರ್? ಬೇರೆ ತಾತ್ಕಾಲಿಕ ದಫ್ತರದಲ್ಲಿ ದಾಖಲಿಸಿ ಅಂತಲ್ವಾ ಇರೋದು?" ಅಂದಳು ಅಪ್ಸರಾ.

"ಅದೇ ಬೈನಿ ನಾನೂ ಹೇಳ್ತಿರೋದು. ಎಲ್ಲಿ ಆ ದಫ್ತರ? ಮೇಲಿಂದ ಬಂದಿಲ್ಲ. ಎರಡು ಸಲ ಕೇಳಿದೀನಿ. ಅವ್ರು ಜಿಲ್ಲೇನ ಕೇಳಿ ಅಂದ್ರು. ಜಿಲ್ಲೆಯೋರು ನಮಗೂ ಬಂದಿಲ್ಲ ಅಂದ್ರು. ಇನ್ನು ನಾನೇನು ಮಾಡ್ಲಿ, ಅಂಗೈ ಮೇಲೆ ಬರ್ಕೊಳ್ಲಾ?" ಆಮೇಲೆ ದನಿ ತಗ್ಗಿಸಿದರು. "ಒಂದು ದಾರಿ ಇದೆ. ಒಬ್ಬಳಿಗೆ 'ಪುರುಷ' ಅಂತ ಒತ್ತಿಬಿಡ್ತೀನಿ. ಕಂಪ್ಯೂಟರ್ ಬಾಯ್ಮುಚ್ಕೊಂಡು ಪ್ರಮಾಣಪತ್ರ ಕೊಡುತ್ತೆ. ನಿಮ್ಗೆ ಬೇಕಾಗಿರೋದು ಗುರುವಾರಕ್ಕೆ ಒಂದು ಕಾಗದ ತಾನೆ?"

ಸಂಝನಾ ಒಂದು ಕ್ಷಣವೂ ಯೋಚಿಸಲಿಲ್ಲ. "ಒತ್ತಿ ಸರ್. ನನ್ನನ್ನೇ ಗಂಡಸು ಮಾಡಿ. ಕತ್ತೆ ಅಂತ ಬೇಕಾದ್ರೂ ಬರೀರಿ, ಇವಳ ಪಕ್ಕ ನಿಲ್ಲೋಕೆ ಬಿಟ್ರೆ ಸಾಕು."

"ಬೇಡ," ಅಂದಳು ಅಪ್ಸರಾ. "ಹನ್ನೊಂದು ವರ್ಷ ನಾನು ಗಂಡಸಿನ ಜೊತೆ ಇರ್ಲಿಲ್ಲ."

"ಹಠ ಮಾಡ್ಬೇಡ ಕಣೇ, ಜೀವದ ಪ್ರಶ್ನೆ."

"ನಂದೇ ಜೀವ ಅಲ್ವಾ? ಸುಳ್ಳು ಕಾಗದದ ಮೇಲೆ ಮಲಗಲ್ಲ ನಾನು."

ಇಬ್ಬರೂ ಅಲ್ಲೇ ಜಗಳಕ್ಕೆ ನಿಂತರು. ನನಗೆ ನಾಗರಿಕತಾ ಗುರುತಿನ ಚೀಟಿಯ ನೆನಪಾಯಿತು. ಆಸ್ಪತ್ರೆಯವರು ಅದನ್ನು ಕೇಳದೆ ಬಿಡುತ್ತಾರಾ? ಅದರಲ್ಲಿ 'ಮಹಿಳೆ', ಇದರಲ್ಲಿ 'ಪುರುಷ'. ಪದಮಧ್ವಜನ ಕೈಗೆ ಇದು ಸಿಕ್ಕರೆ ಸುಳ್ಳು ವಿವರ ಕೊಟ್ಟರು ಅಂತ ಪೊಲೀಸರ ಹತ್ತಿರ ಓಡುತ್ತಾನೆ, ಗಡ್ಡೆಯ ಜೊತೆ ಜೈಲೂ ಆಗುತ್ತದೆ. ಹಾಗಂತ ಹೇಳಿದೆ. ಕಾರ್ಯದರ್ಶಿ ಅರ್ಜಿಯನ್ನು ಮಡಿಸಿ ನನ್ನ ಕೈಗೇ ಕೊಟ್ಟರು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ. ಮುಖಕ್ಕೆ ಹೊಡೆದ ಹಾಗಾಯಿತು.

ಮನೆಗೆ ಹೋಗಿ ಢಿಡೊ ಮುದ್ದೆ ತಿರುವಿದೆ, ತಿನ್ನಲು ಮನಸ್ಸು ಬರಲಿಲ್ಲ. ನನಗೆ ಇವರ ಮದುವೆ ಸರಿ ಕಾಣುತ್ತಿತ್ತಾ? ಗೊತ್ತಿಲ್ಲ. ತಪ್ಪು ಕಾಣುತ್ತಿತ್ತಾ? ಅದೂ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಬೇರೆ. ನನ್ನ ಗಂಡ ಮಲೇಷಿಯಾದಲ್ಲಿ ಕಟ್ಟಡದಿಂದ ಬಿದ್ದು ಸತ್ತ. ಪೆಟ್ಟಿಗೆ ಕಾಠ್ಮಾಂಡು ವಿಮಾನ ನಿಲ್ದಾಣಕ್ಕೆ ಬಂತು. ಯಾರ ಕೈಗೆ ಕೊಡಬೇಕು, ಕಾಗದ ತೋರಿಸಿ ಅಂದರು. ಊರಿಗೆಲ್ಲ ಮದುವೆ ನೋಂದಣಿ ಬರೆದುಕೊಟ್ಟ ದುರ್ಪತಾ ತನ್ನದನ್ನೇ ಬರೆದುಕೊಂಡಿರಲಿಲ್ಲ! ಇವತ್ತು, ನಾಳೆ, ಅವನು ಬಂದ ಮೇಲೆ, ಅಂತ. ಪೆಟ್ಟಿಗೆಯನ್ನು ಮೈದುನನ ಕೈಗೆ ಕೊಟ್ಟರು. ಕಬ್ಬಿಣದ ಗೇಟಿನ ಈಚೆ ನಿಂತು ನೋಡಿದೆ, ಅಷ್ಟೆ. ಗೇಟಿನ ಈಚೆ ನಿಲ್ಲುವುದು ಏನು ಅಂತ ನನಗೆ ಗೊತ್ತು.

ಮಂಗಳವಾರ ಬೆಳಿಗ್ಗೆ ಸ್ಟೇಷನರಿ ಅಂಗಡಿ ಬಾಗಿಲು ತೆಗೆಸಿದೆ. ಇನ್ನೂರು ಪುಟದ, ಕೆಂಪು ರಟ್ಟಿನ, ದಪ್ಪ ಗೆರೆ ಪುಸ್ತಕ ಒಂದನ್ನು ತಂದೆ. ಸ್ಕೇಲ್ ಇಟ್ಟು ಅಂಕಣ ಎಳೆದೆ. ಪುಟಗಳಿಗೆ ಸಂಖ್ಯೆ ಹಾಕಿದೆ. ಮೊದಲ ಪುಟದಲ್ಲಿ ಸುತ್ತೋಲೆಯ ಸಂಖ್ಯೆ, ತಾರೀಖು, 'ತಾತ್ಕಾಲಿಕ ಪ್ರತ್ಯೇಕ ದಫ್ತರ' ಅಂತ ನನ್ನ ಕೈಲಾದಷ್ಟು ಚೆಂದದ ಅಕ್ಷರದಲ್ಲಿ ಬರೆದೆ. ಅಂಕಣಗಳ ತಲೆಯ ಮೇಲೆ ಬರೆಯಲು ಹೋದಾಗ ಮತ್ತೆ ಅದೇ ಗೋಳು. ವರ ಇಲ್ಲ, ವಧು ಇಲ್ಲ. 'ಪ್ರಥಮ ಪಕ್ಷ, ದ್ವಿತೀಯ ಪಕ್ಷ' ಅಂತ ಪೆನ್ಸಿಲಿನಲ್ಲಿ ಬರೆದೆ.

ಅಪ್ಸರಾ ಬಂದು ನೋಡಿ, "ಇದೇನು ದಿದಿ, ಜಮೀನಿನ ತಕರಾರಾ?" ಅಂದಳು.

ಅಳಿಸಿದೆ. ಅರ್ಧ ಗಂಟೆ ಒದ್ದಾಡಿದೆ. ಕೊನೆಗೆ ಒಂದರ ಮೇಲೆ 'ಒಬ್ಬರು' ಅಂತಲೂ ಇನ್ನೊಂದರ ಮೇಲೆ 'ಇನ್ನೊಬ್ಬರು' ಅಂತಲೂ ಬರೆದೆ. ಇದಕ್ಕಿಂತ ಹೆಚ್ಚು ನನ್ನ ಬುದ್ಧಿಗೆ ಹೊಳೆಯಲಿಲ್ಲ.

ಕಾರ್ಯದರ್ಶಿ ಪುಸ್ತಕವನ್ನು ಮುಟ್ಟಲೇ ಇಲ್ಲ, ಬಿಸಿ ಪಾತ್ರೆ ಇಟ್ಟ ಹಾಗೆ ದೂರ ಸರಿದರು. "ಇದೇನಮ್ಮ ಇದು?"

"ನೀವು ಕೇಳಿದ ದಫ್ತರ."

"ಅಂಗಡಿಯಿಂದ ತಂದ್ರೆ ದಫ್ತರ ಆಗ್ತದಾ? ಮೇಲಿಂದ ಬರ್ಬೇಕು."

"ಎಲ್ಲಿ ಬರ್ದಿದೆ ತೋರ್ಸಿ. ಸುತ್ತೋಲೇಲಿ ವಾರ್ಡಿನೋರು ದಫ್ತರ ಇಡ್ಬೇಕು ಅಂತಿದೆ. ನಾವು ಕಳಿಸ್ತೀವಿ ಅಂತ ಎಲ್ಲೂ ಇಲ್ಲ. ಓದಿ."

ಓದಿದರು. ಬೆರಳಿಟ್ಟು ಇನ್ನೊಂದು ಸಲ ಓದಿದರು. "ಇಲ್ಲ ನಿಜ. ಆದ್ರೆ ಕಳಿಸಲ್ಲ ಅಂತಾನೂ ಇಲ್ವಲ್ಲ," ಅಂದರು.

ಆಗ ನನಗೆ ಪಿತ್ತ ನೆತ್ತಿಗೇರಿತು. "ಸರಿ ಸರ್. ಬೇಡ ಬಿಡಿ. ಈ ಅರ್ಜಿ ತಗೊಳ್ಳಲ್ಲ ಅಂತ ಒಂದು ಸಾಲು ಬರ್ದು ಸೈನ್ ಹಾಕಿ ಕೊಡಿ. ಬೇಕಾದ್ರೆ ನಾನೇ ಬರೀತೀನಿ, ನೀವು ಸೈನ್ ಹಾಕಿದ್ರೆ ಸಾಕು. ಅದಾಲತ್ತಿಗೆ ಅದ್ನೇ ತಗೊಂಡು ಹೋಗ್ತೀವಿ."

ನಮ್ಮ ಕಚೇರಿಗಳಲ್ಲಿ ಆಗಲ್ಲ ಅಂತ ಬಾಯಲ್ಲಿ ನೂರು ಸಲ ಹೇಳುತ್ತಾರೆ. ಬರೆದುಕೊಡಿ ಅಂದರೆ ಒಬ್ಬರ ಕೈಯೂ ಏಳುವುದಿಲ್ಲ. ಹಾಳೆಯನ್ನು ಅವರ ಮುಂದೆ ಇಟ್ಟೆ. ಟೀಕಾರಾಮ ಸರ್ ಹಾಳೆಯನ್ನೂ ನೋಡಿದರು, ಕೆಂಪು ಪುಸ್ತಕವನ್ನೂ ನೋಡಿದರು. ಮಾಡಿದರೆ ಒಂದು ಕಷ್ಟ, ಮಾಡದಿದ್ದರೆ ಇನ್ನೊಂದು. ಪಾಪ, ಆ ಚಳಿಯಲ್ಲೂ ಹಣೆ ಬೆವರಿತ್ತು. ಕೊನೆಗೆ ಪುಸ್ತಕ ಎಳೆದುಕೊಂಡರು.

"ಒಬ್ಬರು ಯಾರು, ಇನ್ನೊಬ್ಬರು ಯಾರು?"

ಸಂಝನಾ ಎರಡು ತಿಂಗಳು ದೊಡ್ಡವಳು ಅಂತ ಅವಳನ್ನು ಮೊದಲು ಬರೆಸಿದೆವು. ಕ್ರಮಸಂಖ್ಯೆ ಒಂದು. ಸಾಕ್ಷಿಗೆ ನಾನು ಸೈನ್ ಹಾಕಿದೆ. ಪ್ರಮಾಣಪತ್ರವನ್ನು ಕೈಯಲ್ಲೇ ಬರೆದು, ಮೊಹರು ಒತ್ತಿ, ಮೇಲೆ 'ತಾತ್ಕಾಲಿಕ' ಅಂತ ಸೇರಿಸಿದರು.

"ತಾತ್ಕಾಲಿಕ ಅಂದ್ರೆ ಏನು ಸರ್?" ಅಪ್ಸರಾ ಕೇಳಿದಳು. "ದಫ್ತರ ತಾತ್ಕಾಲಿಕನಾ, ನಮ್ಮ ಮದುವೆ ತಾತ್ಕಾಲಿಕನಾ?"

"ಅದನ್ನೂ ಮೇಲೆ ಕೇಳಿದೀನಿ ಬೈನಿ," ಅಂದರು ಟೀಕಾರಾಮ ಸರ್. "ಅವ್ರಿಗೂ ಗೊತ್ತಿದ್ದ ಹಾಗೆ ಕಾಣಲ್ಲ." ಆಮೇಲೆ ನಾಚಿಕೊಂಡು, "ಅಭಿನಂದನೆ ಹೇಳ್ಬೇಕಲ್ವಾ? ಅಭಿನಂದನೆ," ಅಂದರು.

ಗುರುವಾರ ಬೆಳಕು ಹರಿಯುವಾಗ ಸಂಝನಾಳ ಜೀಪು ನಮ್ಮ ಮನೆ ಮುಂದೆ ನಿಂತಿತು. "ಕೈಬರಹದ ಕಾಗದ ದಿದಿ. ನಿಜಾನಾ ಅಂತ ಕೇಳಿದ್ರೆ ಯಾರು ಹೇಳ್ತಾರೆ? ನೀವೂ ಬನ್ನಿ," ಅಂದಳು. ಅವತ್ತು ಅವಳು ಕುರ್ತಾ ಸುರುವಾಲ್ ಹಾಕಿ, ಮೇಲೊಂದು ಶಾಲು ಹೊದ್ದಿದ್ದಳು. ಕೊರಳಲ್ಲಿ ಮದುವೆಯಾದವರು ಹಾಕುವ ಕೆಂಪು ಪೋತೆಮಣಿ. ಅಪ್ಸರಾಳ ಕೊರಳಲ್ಲೂ ಅದೇ. ಎರಡೂವರೆ ಗಂಟೆ ಇಳಿಜಾರು, ನನಗೆ ಮೂರು ಸಲ ವಾಂತಿ.

ಆಸ್ಪತ್ರೆಯಲ್ಲಿ ಅಪ್ಸರಾಳಿಗೆ ಹಸಿರು ನಿಲುವಂಗಿ ಹಾಕಿ, ತಳ್ಳುವ ಮಂಚದ ಮೇಲೆ ಮಲಗಿಸಿ, ಆಪರೇಷನ್ ಬಾಗಿಲ ಹತ್ತಿರ ನಿಲ್ಲಿಸಿದರು. ನರ್ಸ್ ಒಪ್ಪಿಗೆ ಕಾಗದ ತಂದಳು. "ಮನೆಯೋರು ಯಾರು?"

"ನಾನು," ಅಂದಳು ಸಂಝನಾ. ನಮ್ಮ ಕೈಬರಹದ ಕಾಗದ ಕೊಟ್ಟಳು.

ನರ್ಸ್ ಓದಿದಳು. ಹಿಂದೆ ತಿರುಗಿಸಿ ನೋಡಿದಳು, ಅಲ್ಲೇನಾದರೂ ಇದೆಯೇನೋ ಅಂತ. "ಇದು... ನಡೀತದಾ?"

"ನಡೀತದೆ," ಅಂದೆ ನಾನು ಗಟ್ಟಿಯಾಗಿ. ಒಳಗೆ ನನಗೂ ಗೊತ್ತಿರಲಿಲ್ಲ. "ವಾರ್ಡಿನ ಮೊಹರು ಇದೆ. ಸಾಕ್ಷಿ ನಾನೇ."

"ತಾತ್ಕಾಲಿಕ ಅಂತಿದೆ?"

"ದಫ್ತರ ತಾತ್ಕಾಲಿಕ. ಮದುವೆ ಅಲ್ಲ," ಅಂದುಬಿಟ್ಟೆ. ಎಲ್ಲಿಂದ ಬಂತೋ ಆ ಧೈರ್ಯ.

ಅಷ್ಟರಲ್ಲಿ ಹಿಂದಿನಿಂದ ದನಿ ಬಂತು. "ಯಾವ ಮದುವೆ?"

ಪದಮಧ್ವಜ ಬಸ್ನೇತ್. ಢಾಕಾ ಟೋಪಿ, ಹಣೆಯಲ್ಲಿ ಚಂದನ, ಕೋಟಿನ ಗುಂಡಿ ಕೊರಳ ತನಕ ಹಾಕಿದ ಮನುಷ್ಯ. ಹೋದ ವರ್ಷ ಬರೆದುಕೊಂಡ ನಂಬರಿಗೆ ಆಸ್ಪತ್ರೆಯವರೇ ಫೋನ್ ಮಾಡಿದ್ದರಂತೆ. ನರ್ಸಿನ ಕೈಯಿಂದ ಕಾಗದ ಕಿತ್ತು ಓದಿದ. ಓದುತ್ತ ಓದುತ್ತ ಅವನ ಕತ್ತು ಕೆಂಪಾಯಿತು.

"ಬಸ್ನೇತ್ ಮನೆ ಸೊಸೆಯಾ? ನಮ್ಮಪ್ಪನ ಹೆಸ್ರು ಬರ್ಸಿದೀರಾ ಇದ್ರಲ್ಲಿ? ನಮ್ಮಜ್ಜನ ಹೆಸ್ರು?" ಕಾಗದವನ್ನು ನೆಲಕ್ಕೆ ಬಿಸಾಡಿದ. "ನಾಟಕ! ಕೊಡಮ್ಮ ಪೆನ್ನು, ನಾನು ಮಾಡ್ತೀನಿ ಸೈನು. ಅಪ್ಸರಾ, ನೆನಪಿದೆ ತಾನೆ? ಇಲ್ಲಿಂದ ನೇರ ಝಾಪಾಕ್ಕೆ."

ಪೆನ್ನು ಸಂಝನಾಳ ಕೈಯಲ್ಲಿತ್ತು. ಅಪ್ಸರಾ ಮಲಗಿದ್ದಲ್ಲಿಂದಲೇ ಅಣ್ಣನ ಕಡೆ ಕತ್ತು ಎತ್ತಿ, "ಬೇಡ ದಾಯಿ," ಅಂದಳು. ಅವನು ಕೇಳಲಿಲ್ಲ. ಕೈ ಚಾಚಿಕೊಂಡು ಸಂಝನಾಳ ಮೇಲೇ ಹೋದ. ಹೋದ ವರ್ಷದ ಮೆಟ್ಟಿಲು ನನ್ನ ಕಣ್ಣ ಮುಂದೆ ಬಂತು. ದೇವರೇ, ಇವಳು ತಿರುಗಿ ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಬಲ್ಲ ಕೈ ಅದು, ಜೀಪಿನ ಚಕ್ರ ಒಬ್ಬಳೇ ಬಿಚ್ಚುವ ಕೈ.

ಸಂಝನಾ ಶಾಲನ್ನು ತಲೆಯ ಮೇಲೆ ಎಳೆದುಕೊಂಡಳು. ಮುಖ ತಗ್ಗಿಸಿದಳು. ನಿಂತಲ್ಲೇ ಸೊಂಟದ ತನಕ ಬಗ್ಗಿ, ಎರಡೂ ಕೈ ಹಣೆಗೆ ತಂದು, "ಢೋಗ್, ಜೇಠಾಜು," ಅಂದಳು.

ಪದಮಧ್ವಜ ಹಾರಿ ಹಿಂದೆ ಸರಿದ.

ಎರಡು ಹೆಜ್ಜೆ. ಚಾಚಿದ ಕೈ ತಾನಾಗಿಯೇ ಎದೆಗೆ ಬಂದು ಮಡಚಿಕೊಂಡಿತು. ಅವನು ಯೋಚಿಸಿ ಸರಿದಿದ್ದಲ್ಲ, ಪ್ರಮಾಣ ಮಾಡಿ ಹೇಳುತ್ತೇನೆ. ಐವತ್ತು ವರ್ಷ ಮೈಯೊಳಗೆ ಕೂತಿದ್ದ ಅಭ್ಯಾಸ ಎದ್ದು ಸರಿಸಿತು. ಸರಿದ ಮೇಲೆ ತಾನೇನು ಮಾಡಿದೆ ಅಂತ ಅವನಿಗೆ ತಿಳಿಯಿತು. ಮುಂದೆ ಹೋದರೆ ಸೊಸೆಯನ್ನು ಮುಟ್ಟಿದ ಹಾಗಾಗುತ್ತದೆ. ಸೊಸೆಯಲ್ಲ ಅನ್ನೋಣ ಅಂದರೆ ಹಿಂದೆ ಸರಿದಾಗಿದೆ, ಕಾರಿಡಾರಿನಲ್ಲಿ ಕೂತ ಅಷ್ಟೂ ಜನ ನೋಡಿದ್ದಾರೆ. ಅವನ ಮುಖ ನೋಡಿದೆ. ನನ್ನಷ್ಟೇ ಗೊಂದಲದಲ್ಲಿದ್ದ ಇನ್ನೊಬ್ಬ ಮನುಷ್ಯ ಆ ವಾರದಲ್ಲಿ ನನಗೆ ಸಿಕ್ಕಿದ್ದು ಅವನೇ.

ನರ್ಸೂ ನಮ್ಮ ಬೆಟ್ಟದ ಕಡೆಯವಳೇ ಇರಬೇಕು. ನೆಲದಿಂದ ಕಾಗದ ಎತ್ತಿ ಧೂಳು ಒರೆಸಿದಳು. ಒಪ್ಪಿಗೆ ಪತ್ರವನ್ನು ಸಂಝನಾಳ ಮುಂದೆ ಹಿಡಿದು, "ಇಲ್ಲಿ ಸೈನ್ ಮಾಡಿ ಭಾವುಜು. ಇಲ್ಲಿ ಸಂಬಂಧ ಬರೀರಿ. ಬೇಗ, ಡಾಕ್ಟರ್ ಕಾಯ್ತಿದಾರೆ," ಅಂದಳು. ಭಾವುಜು! ಅತ್ತಿಗೆ!

ಸಂಝನಾಳ ಕೈ ಸಂಬಂಧದ ಜಾಗದಲ್ಲಿ ನಿಂತುಹೋಯಿತು. ನನ್ನ ಕಡೆ ನೋಡಿದಳು. "ದಿದಿ, ಏನಂತ ಬರೀಲಿ?"

"ಶ್ರೀಮತಿ ಅಂತ ಬರಿ," ಅಂದೆ. ಬರೆದಳು. ಮಂಚ ಒಳಗೆ ಹೋಯಿತು. ಬಾಗಿಲು ಮುಚ್ಚುವ ತನಕ ಅಪ್ಸರಾ ಇವಳನ್ನೇ ನೋಡುತ್ತಿದ್ದಳು.

ಮೂರು ಗಂಟೆ ಕಾದೆವು. ಕಾರಿಡಾರಿನ ಈ ತುದಿಯ ಬೆಂಚಿನಲ್ಲಿ ನಾನೂ ಸಂಝನಾನೂ, ಆ ತುದಿಯಲ್ಲಿ ಪದಮಧ್ವಜ. ಹೋಗಿಬಿಡುತ್ತಾನೆ ಅಂದುಕೊಂಡಿದ್ದೆ, ಹೋಗಲಿಲ್ಲ. ಎದ್ದ, ಕೂತ, ಟೋಪಿ ತೆಗೆದ, ಹಾಕಿದ. ಸಂಝನಾ ಒಂದು ಸಲವೂ ತಲೆಯ ಮೇಲಿನ ಶಾಲು ತೆಗೆಯಲಿಲ್ಲ. ನಾಟಕಕ್ಕೆ ಹೊದ್ದಿದ್ದಳೋ, ನಿಜಕ್ಕೋ, ನಾನು ಕೇಳಲಿಲ್ಲ. ಕೇಳಿದ್ದರೆ ಅವಳಿಗಾದರೂ ಗೊತ್ತಿತ್ತೋ ಇಲ್ಲವೋ.

ಡಾಕ್ಟರ್ ಹೊರಗೆ ಬಂದು, ಗಡ್ಡೆ ತೆಗೆದಾಯಿತು, ಚೆನ್ನಾಗಿದ್ದಾಳೆ ಅಂದರು. ಸಂಝನಾ ಶಾಲಿನೊಳಗೆ ಮುಖ ಹುದುಗಿಸಿ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ.

ಪದಮಧ್ವಜ ಎದ್ದು ನಮ್ಮ ಕಡೆ ನಡೆದು ಬಂದ. ನಾಲ್ಕು ಮಾರು ದೂರದಲ್ಲಿ ನಿಂತ. ಅವಳ ಕಡೆ ನೋಡಲಿಲ್ಲ, ಗೋಡೆಯ ಕಡೆ ನೋಡಿದ. ಟೋಪಿ ಸರಿಮಾಡಿಕೊಂಡು ನನ್ನನ್ನು ಕರೆದ.

"ದಿದಿ."

"ಹೇಳಿ."

"ಕೇಳಿ ಅವಳನ್ನ. ಬೆಳಿಗ್ಗೆಯಿಂದ ಏನಾದ್ರೂ ತಿಂದಿದಾಳಾ ಅಂತ."

ಅವಳು ಪಕ್ಕದಲ್ಲೇ ಇದ್ದಳು. ಅವನು ಅಂದಿದ್ದು ಅವಳಿಗೆ ಪೂರ್ತಿ ಕೇಳಿಸಿತ್ತು. ಆದರೂ ನಾನು ತಿರುಗಿ, "ಏನಾದ್ರೂ ತಿಂದಿದೀಯಾ ಅಂತ ಕೇಳ್ತಿದಾರೆ," ಅಂದೆ.